ಸೋಮವಾರ ಬೆಳಿಗ್ಗೆ ಮೇಜಿನ ಮೇಲೆ ಮಳೆ

ಪ್ರಶ್ನೆ: ಇಂಡಕ್ಷನ್ ಎಸಿ ಕೂಡ ಇಂಡಕ್ಷನ್ ಒಲೆಯಷ್ಟೇ ಕರೆಂಟ್ ಎಳೆಯುತ್ತದೆಯೇ?

ಹೆಸರೊಂದು ಬಿಟ್ಟರೆ ಎರಡಕ್ಕೂ ನೆಂಟಸ್ತಿಕೆಯಿಲ್ಲ. ಒಲೆ ಕಾಂತಶಕ್ತಿಯಿಂದ ಪಾತ್ರೆ ಕಾಯಿಸುತ್ತದೆ; ಈ ಎಸಿ ರಭಸದ ಗಾಳಿಯಿಂದ ಕೋಣೆಯ ಗಾಳಿಯನ್ನು ಸೆಳೆದು ತಂಪು ಮಾಡುತ್ತದೆ. ಈ ಪ್ರಶ್ನೆಗೆ ಇದು ನನ್ನ ಕೊನೆಯ ಉತ್ತರ.

ಪ್ರಶ್ನೆ: ಮಂಗಳೂರಿನ ನಮ್ಮ ಕಚೇರಿಯ ಚಾವಣಿಯಲ್ಲಿ ಇಂಡಕ್ಷನ್ ಘಟಕಗಳಿವೆ. ಮಳೆಗಾಲದಲ್ಲಿ, ಅದರಲ್ಲೂ ಸೋಮವಾರ ಬೆಳಿಗ್ಗೆ, ಮೇಜುಗಳ ಮೇಲೆ ನೀರು ತೊಟ್ಟಿಕ್ಕುತ್ತದೆ. ಪ್ರತಿ ಘಟಕದ ಕೆಳಗೂ ತಗಡಿನ ತಟ್ಟೆ ಕಟ್ಟೋಣ ಎನ್ನುತ್ತಾರೆ ಗುತ್ತಿಗೆದಾರರು. ಒಪ್ಪಬಹುದೇ?

ಬೇಡ. ಸೋರುವ ಮಾಡಿನ ಕೆಳಗೆ ಪಾತ್ರೆಯಿಡುವ ಬುದ್ಧಿ ಅದು. ನಿಮ್ಮ ಘಟಕದೊಳಗೆ ಫ್ಯಾನ್ ಇಲ್ಲ. ಎಎಚ್‌ಯುನಲ್ಲಿ, ಅಂದರೆ ಗಾಳಿಯನ್ನು ತಂಪಾಗಿಸಿ ಡಕ್ಟ್‌ಗೆ ತಳ್ಳುವ ದೊಡ್ಡ ಯಂತ್ರದಲ್ಲಿ, ಒಣಗಿ ಬಂದ ಗಾಳಿ ನಾಜಲ್ ಎಂಬ ಸಣ್ಣ ತೂತುಗಳಿಂದ ರಭಸವಾಗಿ ಹೊರಬೀಳುವಾಗ ತನ್ನ ಮೂರು ನಾಲ್ಕು ಪಟ್ಟು ಕೋಣೆಯ ಗಾಳಿಯನ್ನು ಕಾಯಿಲ್, ಅಂದರೆ ತಣ್ಣೀರು ಹರಿಯುವ ಕೊಳವೆ ಸುರುಳಿಯ ಮೂಲಕ ಸೆಳೆದುಕೊಳ್ಳುತ್ತದೆ. ತೇವ ತೆಗೆಯುವ ಕೆಲಸ ಎಎಚ್‌ಯುನದು, ಸೆಕೆ ಇಳಿಸುವುದಷ್ಟೇ ಕಾಯಿಲ್‌ನದು. ಹಾಗಾಗಿ ಆ ಕಾಯಿಲ್ ಸದಾ ಒಣಗಿರಬೇಕು.

24 ಡಿಗ್ರಿ, ಶೇ 50 ತೇವಾಂಶದ ಕೋಣೆಯಲ್ಲಿ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟಲು ತೊಡಗುವ ಉಷ್ಣತೆ, ಸುಮಾರು 13 ಡಿಗ್ರಿ. ಕಾಯಿಲ್‌ನಲ್ಲಿ 15 ಡಿಗ್ರಿಯ ನೀರು ಹರಿದರೆ ಹನಿ ಕಟ್ಟುವುದಿಲ್ಲ. ಆದರೆ ಶನಿವಾರ ಎಲ್ಲವನ್ನೂ ನಿಲ್ಲಿಸಿ ಹೋಗುತ್ತೀರಿ. ಕಡಲ ಕಡೆಯ ಗಾಳಿ ಸಂದುಗಳಲ್ಲಿ ನುಸುಳಿ, ಸೋಮವಾರದ ಹೊತ್ತಿಗೆ ಒಳಗಿನ ಇಬ್ಬನಿ ಬಿಂದು 20 ದಾಟಿರುತ್ತದೆ. ಆಗ ಗಾಳಿ, ನೀರು ಎರಡನ್ನೂ ಒಟ್ಟಿಗೆ ಬಿಟ್ಟರೆ ಕಾಯಿಲ್ ಬೆವರದೆ ಇನ್ನೇನು ಮಾಡೀತು? ಮೊದಲು ನೀರಿನ ವಾಲ್ವ್ ಮುಚ್ಚಿ, ಒಣಗಾಳಿಯನ್ನಷ್ಟೇ ಹರಿಸಿ. ಇಬ್ಬನಿ ಬಿಂದು ಇಳಿದಿದೆ ಎಂದು ಸೆನ್ಸರ್ ಹೇಳಿದ ಮೇಲೆ ವಾಲ್ವ್ ತೆರೆಯಲಿ. ಸೆನ್ಸರ್ ಇಲ್ಲವೇ? ತಟ್ಟೆಯ ದುಡ್ಡಿನಲ್ಲಿ ಅದನ್ನು ಹಾಕಿಸಿ.

ನನಗೆ ಇನ್ನೊಂದು ಗುಮಾನಿಯಿದೆ. ಎಎಚ್‌ಯುಗೆ 7 ಡಿಗ್ರಿಯ ನೀರು ಬೇಕು, ಘಟಕಗಳಿಗೆ 15ರದ್ದು. ನಡುವೆ ಹೀಟ್ ಎಕ್ಸ್‌ಚೇಂಜರ್ (ಎರಡು ನೀರನ್ನು ಬೆರೆಸದೆಯೇ ಒಂದರ ತಂಪನ್ನು ಇನ್ನೊಂದಕ್ಕೆ ದಾಟಿಸುವ ಸಾಧನ) ಇಡುವ ಖರ್ಚು ಉಳಿಸಲು ಎರಡಕ್ಕೂ ಒಂದೇ ಪೈಪ್ ಎಳೆದವರನ್ನು ನಾನು ಕಂಡಿದ್ದೇನೆ. ಹಾಗಾದರೆ 7 ಡಿಗ್ರಿಯ ನೀರೇ ಕಾಯಿಲ್‌ಗೆ ಬಂದು ಹನಿ ಕಟ್ಟುತ್ತದೆ. ಪ್ಯಾನೆಲ್ ತೋರಿಸುವ ಅಂಕಿಯನ್ನು ನಂಬಬೇಡಿ, ಘಟಕಕ್ಕೆ ನೀರು ಹೋಗುವ ಪೈಪಿಗೇ ಥರ್ಮಾಮೀಟರ್ ಕಟ್ಟಿ ನೋಡಿ. ಶೌಚಾಲಯದ ಎಕ್ಸಾಸ್ಟ್ ಫ್ಯಾನ್‌ಗಳನ್ನೂ ನೋಡಿ. ಒಳಬರುವ ಗಾಳಿಗಿಂತ ಅವು ಹೊರಹಾಕುವುದು ಹೆಚ್ಚಾದರೆ ಕಟ್ಟಡ ಹೊರಗಿನ ಹಸಿಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. 1902ರಲ್ಲಿ ಅಮೆರಿಕದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನ ಮುದ್ರಣಾಲಯಕ್ಕೆ ಎಸಿ ಯಂತ್ರ ರೂಪಿಸಿದ್ದೇ ಕಾಗದವನ್ನು ಕೆಡಿಸುತ್ತಿದ್ದ ತೇವವನ್ನು ಹಿಡಿತಕ್ಕೆ ತರಲು. ನಮ್ಮವರು ಇಂದಿಗೂ ತಂಪನ್ನಷ್ಟೇ ಅಳೆಯುತ್ತಾರೆ.

ಪ್ರಶ್ನೆ: ಘಟಕ ಸಿಳ್ಳೆ ಹೊಡೆಯುತ್ತದೆ. ಮೆಕ್ಯಾನಿಕ್ ನಾಜಲ್‌ನ ತೂತು ದೊಡ್ಡದು ಮಾಡುತ್ತೇನೆ ಎನ್ನುತ್ತಾನೆ.

ಅವನ ಕೈಯಿಂದ ಡ್ರಿಲ್ ಕಸಿದುಕೊಳ್ಳಿ. ತೂತು ಹಿಗ್ಗಿದರೆ ಗಾಳಿಯ ರಭಸ ತಗ್ಗುತ್ತದೆ, ಕೋಣೆಯ ಗಾಳಿಯನ್ನು ಸೆಳೆಯುವ ಶಕ್ತಿಯೂ ಹೋಗುತ್ತದೆ. ಡಕ್ಟ್‌ನ ಒತ್ತಡ ಅಳೆಸಿ, ಗಾಳಿಯ ಹರಿವನ್ನು ಹದಗೊಳಿಸುವ ಡ್ಯಾಂಪರ್ ಸರಿಪಡಿಸಿ.

ಪ್ರಶ್ನೆ: 150 ಚದರಡಿಗೆ ಒಂದು ಟನ್ ಲೆಕ್ಕ ಸರಿಯೇ?

ಕಿಟಕಿ ಯಾವ ದಿಕ್ಕಿಗಿದೆ, ಒಳಗೆ ಎಷ್ಟು ಜನ ಎಂದು ಕೇಳದೆ ಟನ್ ಹೇಳುವವರನ್ನು ಮೆಟ್ಟಿಲಿನಿಂದಲೇ ವಾಪಸು ಕಳುಹಿಸಿ.

ಪ್ರಶ್ನೆ: ಕಡಲ ತೀರದಲ್ಲಿ ನಮ್ಮದೊಂದು ಹೋಟೆಲ್. ಬಾಗಿಲು ಸದಾ ತೆರೆದೇ ಇರುತ್ತದೆ. ಇಂಡಕ್ಷನ್ ಘಟಕ ಹಾಕಿಸಬಹುದೇ?

ಫ್ಯಾನ್ ಹಾಕಿಸಿ.