ಬುಡ ಕೊಳೆತು ಬೀಳುವ ಬೇಸಿಲ್ ಸಸಿಗಳ ಬಗ್ಗೆ

ಪ್ಲಾಸ್ಟಿಕ್ ಹೊದಿಸಿದ ಪುಟ್ಟ ಗ್ರೀನ್‌ಹೌಸ್‌ನಲ್ಲಿ ವಸಂತದ ಶುರುವಿಗೇ ಬಿತ್ತಿದ ಬೇಸಿಲ್ (ಅಡುಗೆಗೆ ಹಾಕುವ, ತುಳಸಿ ಜಾತಿಯ ಗಿಡ) ಮೊಳೆತ ವಾರದಲ್ಲೇ ಬಿದ್ದುಹೋಯಿತು, ಪಾರ್ಸ್ಲಿ (ಕೊತ್ತಂಬರಿಯಂಥ ಸೊಪ್ಪು) ಮೇಲೇ ಬಂದಿಲ್ಲ ಅಂದಿದ್ದೀರಲ್ಲಾ, ಬೀಜವನ್ನು ಬೈಯಬೇಡಿ.

ಬಿದ್ದ ಸಸಿಯೊಂದನ್ನು ಎತ್ತಿ ನೋಡಿ. ಎಲೆ ಇನ್ನೂ ಹಸಿರಾಗಿದ್ದು, ಮಣ್ಣಿಗೆ ತಾಗುವ ಕಡೆ ಮಾತ್ರ ಕಾಂಡ ದಾರದ ಹಾಗೆ ಸಣ್ಣಗಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಸಸಿ ಕೊಳೆ ರೋಗ. ನೀರು ಜಾಸ್ತಿ, ಗಾಳಿ ಕಮ್ಮಿ, ರಾತ್ರಿ ಚಳಿ, ಮೂರೂ ಸೇರಿದರೆ ಕೇಳುವುದೇ ಬೇಡ. ಆ ಟ್ರೇಯ ಮಣ್ಣು ಚೆಲ್ಲಿ, ಟ್ರೇ ತೊಳೆದು, ಹೊಸ ಮಣ್ಣಿನ ಮಿಶ್ರಣದಲ್ಲಿ ತೆಳುವಾಗಿ ಬಿತ್ತಿ. ಮೇಲಿಂದ ಸುರಿಯುವ ಬದಲು ಟ್ರೇಯನ್ನು ನೀರಲ್ಲಿಟ್ಟು ಕೆಳಗಿಂದ ಹೀರಲು ಬಿಡಿ. ಬೆಳಗ್ಗೆ ಪ್ಲಾಸ್ಟಿಕ್ ಒಳಗೆ ಹನಿ ಕಟ್ಟಿದ್ದು ಕಂಡರೆ ಬಾಗಿಲು ತೆಗೆಯಲೇಬೇಕು, ಬಿಸಿಲು ಬಂದ ಮೇಲಂತೂ ಒಳಗೆ ಅರ್ಧ ಗಂಟೆಯಲ್ಲೇ ಕುದಿಯುತ್ತದೆ (ನಾನೂ ಒಂದು ಟ್ರೇ ಹಾಗೇ ಸುಟ್ಟುಕೊಂಡಿದ್ದೇನೆ). ಒಂದು ಥರ್ಮಾಮೀಟರ್ ತೂಗುಹಾಕಿ. ಬೇಸಿಲ್‌ಗೆ ಮಣ್ಣು 20 ಡಿಗ್ರಿ ದಾಟಿರಬೇಕು, ರಾತ್ರಿ 10 ಡಿಗ್ರಿಗಿಂತ ಕೆಳಗಿಳಿದರೆ ಮನೆಯೊಳಗೆ ತನ್ನಿ. ತೆಳು ಪ್ಲಾಸ್ಟಿಕ್ ರಾತ್ರಿಯ ಚಳಿಯನ್ನು ಅಷ್ಟೇನೂ ತಡೆಯುವುದಿಲ್ಲ.

ಪಾರ್ಸ್ಲಿ ಸತ್ತಿಲ್ಲ, ಸೋಮಾರಿ ಅಷ್ಟೇ. 3-4 ವಾರ ಹಿಡಿಯುತ್ತದೆ, ಸುಮ್ನೆ ಮಣ್ಣು ಕೆದಕಬೇಡಿ, ಆಯ್ತಾ? ಮುಂದಿನ ಸಲ ಬೀಜವನ್ನು ರಾತ್ರಿಯಿಡೀ ನೆನೆಸಿ. ಕೊತ್ತಂಬರಿಯನ್ನೂ ಟ್ರೇಯಲ್ಲಿ ಹಾಕಲೇ ಅಂತ ಕೇಳಿದ್ದಿರಿ. ಬೇಡ, ಅದಕ್ಕೆ ಬೇರು ಕದಲಿಸಿದರೆ ಆಗುವುದಿಲ್ಲ, ಬೇಗ ಹೂ ಬಿಟ್ಟುಬಿಡುತ್ತದೆ. ನೇರ ಕುಂಡಕ್ಕೇ ಬಿತ್ತಿ.

ಹೊರಗೆ ನೆಡುವ ಮುಂಚೆ ಒಂದು ವಾರ ದಿನಾ ಸ್ವಲ್ಪ ಸ್ವಲ್ಪ ಹೊತ್ತು ಸಸಿಗಳನ್ನು ಹೊರಗಿಟ್ಟು ಗಾಳಿ ಬಿಸಿಲಿಗೆ ಒಗ್ಗಿಸಿ.