ಪ್ರೌಢಶಾಲಾ ಮಕ್ಕಳಲ್ಲಿ ಸಂಶೋಧನೆ, ನಾಯಕತ್ವ ಎರಡನ್ನೂ ಒಟ್ಟಿಗೆ ಬೆಳೆಸುವುದು ಹೇಗೆ?

ನಾಲ್ಕೈದು ಮಕ್ಕಳ ತಂಡಕ್ಕೆ ಅಳೆಯಬಹುದಾದ ಒಂದು ಸಣ್ಣ ಪ್ರಶ್ನೆ ಕೊಡಿ, ತಂಡದ ನಾಯಕರನ್ನು ವಾರಕ್ಕೊಮ್ಮೆ ಬದಲಿಸಿ. ಒಬ್ಬರ ಅಳತೆಯನ್ನು ಇನ್ನೊಬ್ಬರು ನಂಬಬೇಕಾದಾಗ ಎಲ್ಲರೂ ಒಂದೇ ವಿಧಾನಕ್ಕೆ ಒಪ್ಪಲೇಬೇಕು. ಹಾಗೆ ಒಪ್ಪಿಸುವ ಕೆಲಸದಲ್ಲೇ ನಾಯಕತ್ವ ಬೆಳೆಯುತ್ತದೆ.

‘ಜಲಮಾಲಿನ್ಯ’ ಎಂಬಂಥ ವಿಷಯ ತೀರಾ ದೊಡ್ಡದು, ಮಕ್ಕಳು ಇಂಟರ್ನೆಟ್‌ನಿಂದ ನಕಲು ಮಾಡುತ್ತಾರೆ. ಬದಲಿಗೆ, ಶಾಲೆಯ ಸೋರುವ ನಲ್ಲಿಯಿಂದ ದಿನಕ್ಕೆಷ್ಟು ನೀರು ಪೋಲಾಗುತ್ತದೆ ಎಂದು ಕೇಳಿ. ಹತ್ತು ನಿಮಿಷ ಅಳತೆಪಾತ್ರೆ ಇಟ್ಟು, ಮೂರು ಬಾರಿ ಅಳೆದು, ಸರಾಸರಿಯನ್ನು 144ರಿಂದ (ಒಂದು ದಿನದಲ್ಲಿ ಹತ್ತು ನಿಮಿಷದ 144 ಅವಧಿಗಳಿವೆ) ಗುಣಿಸಿದರೆ ಉತ್ತರ ಸಿಗುತ್ತದೆ. ಮೂರು ಅಳತೆಗಳೂ ಬೇರೆ ಬೇರೆ ಬಂದರೆ ಒಳ್ಳೆಯದೇ, ಕಾರಣವನ್ನು ಅವರೇ ಹುಡುಕಲಿ.

ಆ ವಾರದ ನಾಯಕರು ಅಳೆಯಬಾರದು. ಕೆಲಸ ಹಂಚಿ, ದಾಖಲೆ ಪುಸ್ತಕ ಪರಿಶೀಲಿಸಬೇಕು. ಇಲ್ಲದಿದ್ದರೆ ಚುರುಕಾದ ಒಬ್ಬರೇ ಎಲ್ಲ ಮಾಡಿ ಮುಗಿಸುತ್ತಾರೆ. ವರದಿಯನ್ನು ಮಾತ್ರ ಶಿಕ್ಷಕರಾದ ನೀವೇ ಬರೆದುಕೊಡಬೇಡಿ, ದಯವಿಟ್ಟು.