ಹಳೆಯ ಹೆಸರು, ಹೊಸ ಕೈ

ನಮ್ಮ ‘ಬ್ಲಡ್‌ಲೈನ್ಸ್ 2’ ಎಂಬ ರಕ್ತಪಿಶಾಚಿಗಳ ವಿಡಿಯೊ ಗೇಮಿನ ವಿಮರ್ಶೆ ಓದಿ ದಾವಣಗೆರೆಯ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ. ಪತ್ರ ಉದ್ದವಿದೆ, ಸಾರ ಇಷ್ಟು: “ಬರೀ ಓಡಾಡಿಕೊಂಡು ಕಥೆ ಕೇಳುವ ಗೇಮ್ ಮಾಡುತ್ತಿದ್ದವರಿಗೆ ಇಂಥ ಆಕ್ಷನ್ ಆರ್‌ಪಿಜಿ (ಪಾತ್ರ ಬೆಳೆಸುತ್ತ ಹೊಡೆದಾಡುವ ಗೇಮ್) ಒಪ್ಪಿಸಿದ ದಿನವೇ ಸರಣಿಯ ಕಥೆ ಮುಗಿಯಿತು. ನಾವು ಅಭಿಮಾನಿಗಳು ಆಗಲೇ ಬಡಕೊಂಡೆವು. ನೀವು ಅದನ್ನು ‘ಪೂರ್ವಗ್ರಹ’ ಅಂದಿರಿ. ಈಗ ಗೇಮ್ ಬಂದಿದೆ, ನಾವು ಹೇಳಿದ್ದೇ ಆಗಿದೆ. ಏನಂತೀರಿ?”

ಪ್ರಿಯ ಓದುಗರೇ,

ಮೊದಲು ನಿಮ್ಮ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. 2004ರ ‘ಬ್ಲಡ್‌ಲೈನ್ಸ್’ ಆಡಿದವರಿಗೆ ಅದರ ಗುಂಗು ಇನ್ನೂ ಬಿಟ್ಟಿಲ್ಲ. ಅದರಲ್ಲಿ ನೀವೇ ರಕ್ತಪಿಶಾಚಿ, ಯಾವ ಕುಲ ಎಂಬುದು ನಿಮ್ಮ ಆಯ್ಕೆ. ನಾಸ್ಫೆರಾಟು ಕುಲ ಆರಿಸಿಕೊಂಡರೆ ಮುಖ ಎಷ್ಟು ವಿಕಾರವೆಂದರೆ ಜನರ ಕಣ್ಣಿಗೆ ಬೀಳುವ ಹಾಗೇ ಇಲ್ಲ, ಊರು ಸುತ್ತಲು ಚರಂಡಿಯೇ ಹೆದ್ದಾರಿ. ಮಾಲ್ಕೇವಿಯನ್ ಆದರೆ ತಲೆಯೇ ನೆಟ್ಟಗಿಲ್ಲ: ಡೈಲಾಗ್‌ಗಳೆಲ್ಲ ಬೇರೆ, ಟಿವಿಯಲ್ಲಿ ವಾರ್ತೆ ಓದುವವನು ನೇರ ನಿಮ್ಮ ಹತ್ತಿರವೇ ಮಾತಿಗಿಳಿಯುತ್ತಾನೆ, ರಸ್ತೆಯ ‘ಸ್ಟಾಪ್’ ಫಲಕದೊಂದಿಗೆ ನೀವು ವಾದಕ್ಕೆ ನಿಲ್ಲುತ್ತೀರಿ. ಟ್ರೊಯಿಕಾ ಎಂಬ ಸಣ್ಣ ಸ್ಟುಡಿಯೊ ಅದನ್ನು ಅರೆಬೆಂದ ಸ್ಥಿತಿಯಲ್ಲೇ ಬಿಡುಗಡೆ ಮಾಡಿತು, ಅದೂ ‘ಹಾಫ್-ಲೈಫ್ 2’ ಬಂದ ದಿನವೇ. ಮರುವರ್ಷ ಸ್ಟುಡಿಯೊ ಬಾಗಿಲು ಹಾಕಿತು. ಬಗ್‌ಗಳನ್ನೆಲ್ಲ ಅಂದಿನಿಂದ ರಿಪೇರಿ ಮಾಡುತ್ತ ಬಂದವರು ಅಭಿಮಾನಿಗಳೇ. ಕಂಪನಿ ಕೈಬಿಟ್ಟ ಗೇಮನ್ನು ಎರಡು ದಶಕ ಸಾಕಿದವರು ‘ಇದು ನಮ್ಮದು’ ಅಂದರೆ ನಾನು ನಗುವುದಿಲ್ಲ.

ಆದರೂ ‘ಪೂರ್ವಗ್ರಹ’ ಎಂಬ ಪದವನ್ನು ಹಿಂದಕ್ಕೆ ಪಡೆಯುವುದಿಲ್ಲ. ಯಾಕೆ ಅಂತ ಹೇಳಲು ‘ಫಾಲ್‌ಔಟ್’ ಎಂಬ ಇನ್ನೊಂದು ಗೇಮ್ ಸರಣಿಯ ಕಡೆ ಒಮ್ಮೆ ಹೋಗಿಬರಬೇಕು.

1997 ಮತ್ತು 1998ರ ಮೊದಲೆರಡು ‘ಫಾಲ್‌ಔಟ್’ಗಳು ಮೇಲಿನಿಂದ ನೋಡಿ ಆಡುವ, ಸರದಿ ಪ್ರಕಾರ ಹೊಡೆದಾಡುವ ಗೇಮ್‌ಗಳು. ಅವನ್ನು ಹೊರತಂದ ಇಂಟರ್‌ಪ್ಲೇ ಕಂಪನಿ ಸಾಲದಲ್ಲಿ ಮುಳುಗಿ, 2003ರ ಕೊನೆಗೆ ಅದರ ಬ್ಲ್ಯಾಕ್ ಐಲ್ ಸ್ಟುಡಿಯೊ ಮುಚ್ಚಿ, ಅಲ್ಲಿ ಬೇಯುತ್ತಿದ್ದ ಮೂರನೇ ಭಾಗವೂ ರದ್ದಾಯಿತು. 2004ರಲ್ಲಿ ಹಕ್ಕು ಬೆಥೆಸ್ಡಾ ಎಂಬ ಇನ್ನೊಂದು ಕಂಪನಿಯ ಪಾಲಾಯಿತು. (ಆ ಹಕ್ಕಿಗೆ ಟ್ರೊಯಿಕಾ ಕೂಡ ಕೈಚಾಚಿತ್ತು. ಅದನ್ನು ಕಟ್ಟಿದ ಮೂವರೂ ಮೊದಲ ‘ಫಾಲ್‌ಔಟ್’ ಮಾಡಿದವರೇ. ಸಿಕ್ಕಿದ್ದರೆ ನಿಮ್ಮ ಪತ್ರವೂ ಬರುತ್ತಿರಲಿಲ್ಲ, ನನ್ನ ಉತ್ತರವೂ ಇರುತ್ತಿರಲಿಲ್ಲ.) ಬೆಥೆಸ್ಡಾದ ಮೂರನೇ ಭಾಗದ ಮೊದಲ ಚಿತ್ರಗಳು ಹೊರಬಿದ್ದಾಗ ಹಳೆಯ ಅಭಿಮಾನಿಗಳ ತೀರ್ಪು ಒಂದೇ ಸಾಲಿನದು: ಇದು ಬಂದೂಕು ಹಿಡಿದ ‘ಒಬ್ಲಿವಿಯನ್’ (ಬೆಥೆಸ್ಡಾದ್ದೇ ಕತ್ತಿ-ಮಾಯೆಯ ಗೇಮ್). ಕ್ಯಾಮೆರಾ ಮೇಲಿನಿಂದ ಕಣ್ಣಿನ ಮಟ್ಟಕ್ಕೆ ಇಳಿದಿದೆ, ಸರದಿ ಹೋಗಿದೆ, ಆದ್ದರಿಂದ ಫಾಲ್‌ಔಟ್ ಸತ್ತಿದೆ.

2008ರಲ್ಲಿ ‘ಫಾಲ್‌ಔಟ್ 3’ ಬಂತು, ಲಕ್ಷಗಟ್ಟಲೆ ಹೊಸಬರನ್ನು ಸರಣಿಗೆ ಎಳೆದು ತಂದಿತು. ಹಾಗಾದರೆ ಹಳಬರು ಸುಮ್ಮನೆ ಕೂಗಾಡಿದರೇ? ಅಲ್ಲ. ಅದರ ಕೊನೆಯ ದೃಶ್ಯ ನೆನಪಿಸಿಕೊಳ್ಳಿ. ವಾಷಿಂಗ್ಟನ್ನಿನ ಜೆಫರ್ಸನ್ ಸ್ಮಾರಕದೊಳಗೆ ನೀರು ಶುದ್ಧೀಕರಿಸುವ ಯಂತ್ರ, ಗಾಜಿನ ಕೋಣೆ ತುಂಬ ವಿಕಿರಣ, ಒಳಗೆ ಹೋಗಿ ಗುಂಡಿ ಒತ್ತಿದವರು ಸಾಯುವುದು ಖಚಿತ. ನಿಮ್ಮ ಪಕ್ಕದಲ್ಲಿ ಫಾಕ್ಸ್ ಎಂಬ ಸೂಪರ್ ಮ್ಯೂಟೆಂಟ್ (ರೂಪ ಬದಲಾದ ದೈತ್ಯ) ನಿಂತಿದ್ದಾನೆ. ವಿಕಿರಣ ಅವನಿಗೆ ತಟ್ಟುವುದಿಲ್ಲ. ಕೆಲವೇ ಗಂಟೆಗಳ ಹಿಂದೆ ಅಂಥದೇ ಕೋಣೆಗೆ ನುಗ್ಗಿ ನಿಮಗೆ ಬೇಕಾದ ಪೆಟ್ಟಿಗೆಯನ್ನು ಎತ್ತಿ ತಂದುಕೊಟ್ಟವನು ಅವನೇ. ಈಗ ‘ಹೋಗಪ್ಪಾ’ ಅಂದರೆ, ಇದು ನಿನ್ನ ಹಣೆಬರಹ, ನಾನು ಅಡ್ಡ ಬರಲಾರೆ ಅನ್ನುತ್ತಾನೆ! ಗೊಣಗಾಟ ಎಷ್ಟಾಯಿತೆಂದರೆ 2009ರ ‘ಬ್ರೋಕನ್ ಸ್ಟೀಲ್’ ಡಿಎಲ್‌ಸಿಯಲ್ಲಿ (ಆಮೇಲೆ ಸೇರಿಸುವ ಹೆಚ್ಚುವರಿ ಭಾಗ) ಬೆಥೆಸ್ಡಾ ಆ ಅಂತ್ಯವನ್ನೇ ತಿದ್ದಿ, ಅವನನ್ನು ಒಳಗೆ ಕಳಿಸಲು ಅವಕಾಶ ಮಾಡಿಕೊಟ್ಟಿತು.

ನಿಜವಾದ ನೋವು ಇದ್ದದ್ದು ಅಲ್ಲಿ. ನಾನು ಮಾಡಿದ್ದಕ್ಕೆ, ನಾನು ಜತೆಗೆ ಕರೆತಂದವರಿಗೆ ಈ ಲೋಕದಲ್ಲಿ ಬೆಲೆ ಇದೆಯೇ ಎಂಬುದರಲ್ಲಿ. ಕ್ಯಾಮೆರಾ ಬರೀ ನೆಪ. ಇದಕ್ಕೆ 2010ರ ‘ಫಾಲ್‌ಔಟ್: ನ್ಯೂ ವೇಗಸ್’ಗಿಂತ ಸಾಕ್ಷಿ ಬೇಕಿಲ್ಲ. ಅದೇ ಎಂಜಿನ್, ಅದೇ ಕಣ್ಣಿನ ಮಟ್ಟದ ಕ್ಯಾಮೆರಾ, ಅದೇ ಗುಂಡಿನ ಕಾಳಗ. ಮಾಡಿದ್ದು ಅಬ್ಸಿಡಿಯನ್ ಎಂಬ ಸ್ಟುಡಿಯೊ, ಸುಮಾರು ಒಂದೂವರೆ ವರ್ಷದಲ್ಲಿ. ಬಿಡುಗಡೆಯ ದಿನ ಗುಡ್‌ಸ್ಪ್ರಿಂಗ್ಸ್ ಊರಿನ ಡಾಕ್ಟರ ತಲೆ ಕತ್ತಿನ ಮೇಲೆ ಬುಗುರಿಯಂತೆ ತಿರುಗುವ ವಿಡಿಯೊ ನೋಡಿ ಜಗತ್ತೇ ನಕ್ಕಿತು. ಹಾಗಿದ್ದೂ ಕ್ಯಾಮೆರಾ ಬಗ್ಗೆ ಕಿರುಚಾಡಿದ್ದವರಲ್ಲಿ ಎಷ್ಟೋ ಮಂದಿ ಅದನ್ನು ಅಪ್ಪಿಕೊಂಡರು. ಯಾವ ಪಕ್ಷ ಸೇರಿದಿರಿ, ಯಾವ ಊರನ್ನು ಕಾಪಾಡಿದಿರಿ, ಯಾರಿಗೆ ಕೈಕೊಟ್ಟಿರಿ, ಎಲ್ಲದರ ಲೆಕ್ಕವನ್ನು ಆಟ ಕೊನೆಗೆ ಒಂದೊಂದಾಗಿ ಒಪ್ಪಿಸುತ್ತಿತ್ತು.

‘ಅಬ್ಸಿಡಿಯನ್‌ನಲ್ಲಿ ಇದ್ದವರು ಬ್ಲ್ಯಾಕ್ ಐಲ್‌ನ ಹಳಬರೇ, ಅದಕ್ಕೇ ಆಯಿತು’ ಎಂದು ನೀವು ಹೇಳಬಹುದು. ಸರಿ, ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ಅಡ್ಡಬರುವುದು ಅದೇ ಅಬ್ಸಿಡಿಯನ್‌ನ ‘ಡಂಜನ್ ಸೀಜ್ 3’. ಗ್ಯಾಸ್ ಪವರ್ಡ್ ಗೇಮ್ಸ್ ಕಟ್ಟಿದ ಆ ಸರಣಿಯ ಮೊದಲ ಭಾಗದಲ್ಲಿ ದೊಡ್ಡ ದಂಡು ಕಟ್ಟಿಕೊಂಡು, ಸಾಮಾನು ಹೊರಲು ಹೇಸರಗತ್ತೆಯನ್ನೂ ಹೊಡೆದುಕೊಂಡು ಹೋಗಬಹುದಿತ್ತು. 2011ರ ಮೂರನೇ ಭಾಗದಲ್ಲಿ ಸಿದ್ಧ ಪಾತ್ರಗಳು ನಾಲ್ಕೇ (ಒಬ್ಬಳ ಹೆಸರು ಅಂಜಲಿ, ಇದನ್ನು ನಮ್ಮವರು ಯಾರೂ ಮರೆತಿಲ್ಲ), ಜತೆಗೆ ಒಬ್ಬ ಸಂಗಾತಿ, ಮುಗಿಯಿತು. ಹಳೆಯ ಅಭಿಮಾನಿಗಳು ಮೂಗು ಮುರಿದರು. ಸ್ಟುಡಿಯೊದ ನಾಮಫಲಕ ನೋಡಿ ಭವಿಷ್ಯ ಹೇಳುವವರು ‘ನ್ಯೂ ವೇಗಸ್’ ಮತ್ತು ಇದನ್ನು ಅಕ್ಕಪಕ್ಕ ಇಟ್ಟು ನೋಡಬೇಕು, ಎರಡರ ನಡುವೆ ಒಂದು ವರ್ಷವೂ ಇಲ್ಲ.

ಈಗ ನಿಮ್ಮ ‘ಬ್ಲಡ್‌ಲೈನ್ಸ್ 2’. 2019ರ ಮಾರ್ಚ್‌ನಲ್ಲಿ ಪ್ರಕಾಶಕ ಕಂಪನಿ ಪ್ಯಾರಾಡಾಕ್ಸ್ ಅದನ್ನು ಘೋಷಿಸಿದಾಗ ಮಾಡುತ್ತಿದ್ದದ್ದು ಸಿಯಾಟಲ್‌ನ ಹಾರ್ಡ್‌ಸೂಟ್ ಲ್ಯಾಬ್ಸ್. ಮೊದಲ ಗೇಮಿನ ಬರಹಗಾರ ಬ್ರಯಾನ್ ಮಿಟ್ಸೋಡಾ ಜತೆಗಿದ್ದರು, ಅಭಿಮಾನಿಗಳು ನಿರಾಳವಾಗಿದ್ದರು, ಮುಂಗಡ ಬುಕಿಂಗ್ ಶುರುವಾಗಿತ್ತು. 2020ರಲ್ಲಿ ಮಿಟ್ಸೋಡಾರನ್ನು ತೆಗೆದರು. 2021ರ ಫೆಬ್ರವರಿಯಲ್ಲಿ ಸ್ಟುಡಿಯೊವನ್ನೇ ತೆಗೆದು, ಮುಂಗಡ ಮಾರಾಟ ನಿಲ್ಲಿಸಿದರು. 2023ರ ಸೆಪ್ಟೆಂಬರ್‌ನಲ್ಲಿ ಗೊತ್ತಾಯಿತು, ಕೆಲಸ ಈಗ ಬ್ರೈಟನ್‌ನ ದಿ ಚೈನೀಸ್ ರೂಮ್ ಕೈಯಲ್ಲಿದೆ ಅಂತ. ‘ಡಿಯರ್ ಎಸ್ತರ್’ ಎಂಬ, ಬರೀ ಓಡಾಡಿಕೊಂಡು ಕಥೆ ಕೇಳುವ ಗೇಮ್ ಮಾಡಿದವರು. ಅಲ್ಲಿಂದ ಶುರುವಾದ ಗೇಲಿ ನಿಮ್ಮ ಪತ್ರದವರೆಗೂ ಬಂದಿದೆ.

ಬೆಂಗಳೂರಿನ ಐಟಿಯಲ್ಲಿ ಇರುವವರಿಗೆ ಈ ಪರಿಸ್ಥಿತಿ ಬಿಡಿಸಿ ಹೇಳಬೇಕಿಲ್ಲ. ಪ್ರಾಜೆಕ್ಟ್ ಅರ್ಧದಲ್ಲಿ ಒಬ್ಬ ವೆಂಡರ್‌ನಿಂದ ಇನ್ನೊಬ್ಬನಿಗೆ ಬರುತ್ತದೆ, ಕೆಟಿ (ಕೆಲಸದ ಮಾಹಿತಿ ಹಸ್ತಾಂತರ) ಕೊಡಬೇಕಾದವರು ಆಗಲೇ ಮನೆಗೆ ಹೋಗಿದ್ದಾರೆ, ಕ್ಲೈಂಟ್ ಮಾತ್ರ ಜನರಿಗೆ ಕೊಟ್ಟ ಮಾತು ಬದಲಿಸಲು ತಯಾರಿಲ್ಲ. ಚೈನೀಸ್ ರೂಮ್ ಮಾಡಿದ್ದು ತನ್ನ ಕೈಲಾದ್ದನ್ನು: ಫೈರ್ ಎಂಬ ಶತಮಾನಗಳಷ್ಟು ಹಳೆಯ ರಕ್ತಪಿಶಾಚಿ, ತಲೆಯೊಳಗೆ ಮಾತಾಡುವ ಫೇಬಿಯನ್ ಎಂಬ ಪತ್ತೇದಾರ, ಹಿಮ ಸುರಿಯುವ ಸಿಯಾಟಲ್. ಫೇಬಿಯನ್‌ನ ಹಳೆಯ ಕೇಸುಗಳ ಭಾಗ ಪೂರಾ ಮಾತುಕತೆಯದು, ಹೊಡೆದಾಟವೇ ಇಲ್ಲ. ನನ್ನ ಮಟ್ಟಿಗೆ ಗೇಮಿನಲ್ಲಿ ಅತ್ಯಂತ ಚೆನ್ನಾಗಿ ಬರೆದ ಭಾಗ ಅದೇ. ನೀವು ಬೈದ ‘ಓಡಾಡಿಕೊಂಡು ಕಥೆ ಕೇಳುವ’ ಕಸುಬೇ ಅಲ್ಲಿ ಕೈಹಿಡಿದಿದೆ. ಸೊರಗಿದ್ದು ಬೇರೆಡೆ: ನಾಯಕ ಮೊದಲೇ ಯಾರೋ ಆಗಿಬಿಟ್ಟಿದ್ದಾನೆ, ಕುಲ ಬದಲಿಸಿದರೆ ಬದಲಾಗುವುದು ಬಹುಪಾಲು ಹೊಡೆತದ ಶೈಲಿ. ಸ್ಟಾಪ್ ಫಲಕದೊಡನೆ ಜಗಳಕ್ಕೆ ಇಲ್ಲಿ ಜಾಗವಿಲ್ಲ.

ಇದು ಸೋತ ಗೇಮೇನಲ್ಲ, ತಪ್ಪು ಹೆಸರಿನಲ್ಲಿ ಮಾರಿದ ಗೇಮ್. ಹಾಗೆಂದು ನನಗಷ್ಟೇ ಅನಿಸಿದ್ದಲ್ಲ. ಚೈನೀಸ್ ರೂಮ್ ಕಟ್ಟಿ, 2023ರಲ್ಲಿ ಹೊರಬಂದ ಡ್ಯಾನ್ ಪಿಂಚ್‌ಬೆಕ್ ಬಿಡುಗಡೆಯ ಹೊತ್ತಿನಲ್ಲಿ ಹೇಳಿದ್ದಾರೆ: ಇದನ್ನು ‘ಬ್ಲಡ್‌ಲೈನ್ಸ್ 2’ ಎಂದು ಕರೆಯದಂತೆ ಪ್ರಕಾಶಕರನ್ನು ಹೇಗೆ ಒಪ್ಪಿಸುವುದು ಎಂದು ತಾವು ಕೂತು ಚರ್ಚಿಸುತ್ತಿದ್ದೆವು ಅಂತ. ಹೆಸರು ಬಿಟ್ಟುಕೊಡದವರು ಪ್ಯಾರಾಡಾಕ್ಸ್. ಟೊರಿಯಡೋರ್, ಲಸೋಂಬ್ರಾ ಕುಲಗಳನ್ನು ಬೇರೆ ದುಡ್ಡಿಗೆ ಮಾರಲು ಹೊರಟು, ಜನ ಉಗಿದ ಮೇಲೆ ಹಿಂದೆ ಸರಿದು ಮೂಲ ಗೇಮಿಗೇ ಸೇರಿಸಿದವರೂ ಅವರೇ. 2025ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಕೆಲವೇ ವಾರಗಳಲ್ಲಿ ಲೆಕ್ಕಪುಸ್ತಕದಲ್ಲಿ ಕೋಟಿಗಟ್ಟಲೆ ಕ್ರೋನಾ (ಸ್ವೀಡನ್ನಿನ ಹಣ) ನಷ್ಟವೆಂದು ಕೈಬಿಟ್ಟರು.

ನಿಮ್ಮ ಪತ್ರದಲ್ಲಿ ಚೈನೀಸ್ ರೂಮ್‌ಗೆ ಹತ್ತಾರು ಬೈಗುಳಗಳಿವೆ, ಪ್ಯಾರಾಡಾಕ್ಸ್ ಹೆಸರು ಒಮ್ಮೆಯೂ ಇಲ್ಲ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ. ‘ಪೂರ್ವಗ್ರಹ’ ಎಂದು ನಾನು ಬರೆದದ್ದು ಇದಕ್ಕೆ. ಎರಡು ಕುಲಗಳ ವಿಷಯದಲ್ಲಿ ಅಭಿಮಾನಿಗಳ ಸಿಟ್ಟು ಸರಿಯಾದ ಬಾಗಿಲು ಬಡಿಯಿತು, ಬಾಗಿಲು ತೆರೆಯಿತು ಕೂಡ. ಆರು ವರ್ಷ ಆ ‘2’ ಎಂಬ ಅಂಕಿಯ ಬಗ್ಗೆ ಯಾರಾದರೂ ಅಷ್ಟೇ ಜೋರಾಗಿ ಕೇಳಿದ್ದರೆ ಏನಾಗುತ್ತಿತ್ತೋ.

ಕೊನೆಗೆ, ತಮ್ಮನಿಗೆ ಯಾವುದನ್ನು ಕೊಡಿಸಲಿ ಎಂದು ಕೇಳಿದ್ದೀರಿ. ಮೊದಲು 2004ರದ್ದು, ಅಭಿಮಾನಿಗಳ ಅನಧಿಕೃತ ಪ್ಯಾಚ್ (ತಿದ್ದುಪಡಿ) ಹಾಕಿಯೇ ಶುರುಮಾಡಲಿ. ಮೊದಲ ಸುತ್ತಿಗೆ ಮಾಲ್ಕೇವಿಯನ್ ಬೇಡ, ಕಥೆ ತಿಳಿದಿದ್ದರೇ ಆ ಹುಚ್ಚುಮಾತಿನ ಒಳಾರ್ಥ ಹೊಳೆಯುವುದು. ಎರಡನೆಯದನ್ನು ಸೇಲ್‌ನಲ್ಲಿ ಬೆಲೆ ಇಳಿದಾಗ ತೆಗೆದುಕೊಳ್ಳಿ, ಫೇಬಿಯನ್‌ಗೋಸ್ಕರ.

— ಸಂಪಾದಕ